ಹೊರಡದ ಕಾರು ಮತ್ತು ಅದರೊಳಗಿನ ಕಾವಲುಗಾರ

ಬೆಳಗಿನ ಜಾವ ನಾಲ್ಕು ಗಂಟೆ. ಪುಣೆಯ ವಸತಿ ಸಂಕೀರ್ಣವೊಂದರಲ್ಲಿ ವೃದ್ಧ ಗೃಹಿಣಿಯೊಬ್ಬರಿಗೆ ಉಸಿರಾಟದ ತೊಂದರೆ ಕಾಣಿಸಿಕೊಂಡಿದೆ ಎಂದಿಟ್ಟುಕೊಳ್ಳಬಹುದು. ಪತಿ ಅವಸರದಿಂದ ಕಾರಿನಲ್ಲಿ ಕುಳಿತು ಕೀಲಿಕೈ ತಿರುಗಿಸುತ್ತಾರೆ. ಇಂಜಿನು ಗರಗರನೆ ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ. ಬ್ಯಾಟರಿ ಹೊಸದು, ಪೆಟ್ರೋಲು ತುಂಬಿದೆ, ಕಳ್ಳನೂ ಬಂದಿಲ್ಲ. ಆದರೂ ಕಳ್ಳನನ್ನು ತಡೆಯಲೆಂದು ಅಳವಡಿಸಿದ ಸಾಧನವು ಒಡೆಯನನ್ನೇ ತಡೆದು ನಿಲ್ಲಿಸಿದೆ. ಇಂಥ ವೇಳೆಯಲ್ಲಿ ಮೊದಲ ಕರ್ತವ್ಯವು ಕಾರಿನದಲ್ಲ, ರೋಗಿಯದು. ಮಹಾರಾಷ್ಟ್ರ, ತೆಲಂಗಾಣ, ತಮಿಳುನಾಡುಗಳಲ್ಲಿ 108ಕ್ಕೆ ದೂರವಾಣಿ ಮಾಡಿ ಆಂಬುಲೆನ್ಸ್ ಕರೆಸಬೇಕು. ಕಾರಿನ ಪರೀಕ್ಷೆ ಅನಂತರದ ಮಾತು.

ಕಾವಲಿನ ಕ್ರಮ

ಬ್ಯಾಂಕಿನಲ್ಲಿ ಚೆಕ್ಕು ಬಂದಾಗ ಅದರ ಸಹಿಯನ್ನು ಮಾದರಿ ಸಹಿಯೊಡನೆ ಹೋಲಿಸಿ ನೋಡಿ, ತಾಳೆಯಾದರೆ ಮಾತ್ರ ಹಣ ಕೊಡುತ್ತಾರೆ. ಇಮ್ಮೊಬಿಲೈಜರ್ ಎಂಬ ಚಲನಸ್ತಂಭಕ ಸಾಧನದ ಕೆಲಸವೂ ಇದೇ. ಕೀಲಿಕೈಯ ಪ್ಲಾಸ್ಟಿಕ್ ಹಿಡಿಯೊಳಗೆ ಒಂದು ಸಣ್ಣ ಚಿಪ್ ಇರುತ್ತದೆ. ಸಾಮಾನ್ಯ ಕೀಲಿಕೈಯಲ್ಲಿ ಈ ಚಿಪ್‌ಗೆ ಬ್ಯಾಟರಿಯ ಅಗತ್ಯವಿಲ್ಲ. ಕೀಲಿಯ ರಂಧ್ರದ ಸುತ್ತ ಸುತ್ತಿದ ತಂತಿಯ ಸುರುಳಿಯಿಂದ ಹೊರಡುವ ರೇಡಿಯೋ ಅಲೆಯೇ ಅದಕ್ಕೆ ಶಕ್ತಿಯನ್ನೊದಗಿಸುತ್ತದೆ. ಚಿಪ್ ತನ್ನ ಗುಪ್ತ ಸಂಕೇತವನ್ನು ಮರಳಿ ಕಳಿಸುತ್ತದೆ. ಅದು ತಾಳೆಯಾದರೆ ಇಂಜಿನಿನ ನಿಯಂತ್ರಣ ಘಟಕವು ಇಂಧನ ಮತ್ತು ಕಿಡಿಗಳಿಗೆ ಅನುಮತಿ ನೀಡುತ್ತದೆ, ಇಲ್ಲವಾದರೆ ತಡೆಹಿಡಿಯುತ್ತದೆ.

ಈ ಕಲ್ಪನೆ ಬೆಳೆದುಬಂದ ರೀತಿಯಲ್ಲಿಯೂ ಒಂದು ಪಾಠವಿದೆ. ಅಮೆರಿಕದಲ್ಲಿ 1986ರ ಮಾದರಿಯ ಶೆವರ್ಲೆ ಕಾರ್ವೆಟ್ ಕಾರಿನ ಕೀಲಿಕೈಯಲ್ಲಿ ವಿದ್ಯುತ್ ರೋಧಕದ ಗುಳಿಗೆಯೊಂದನ್ನು ಹುದುಗಿಸಲಾಗಿತ್ತು. ಅದಕ್ಕೆ 402 ಓಮ್‌ನಿಂದ 11,800 ಓಮ್‌ವರೆಗೆ 15 ಬೇರೆ ಬೇರೆ ಬೆಲೆಗಳಿದ್ದವು. ತಪ್ಪು ಕೀಲಿಕೈ ಹಾಕಿದರೆ ವ್ಯವಸ್ಥೆಯು ಕೆಲವು ನಿಮಿಷಗಳ ಕಾಲ ಕಾರನ್ನು ಸ್ತಬ್ಧಗೊಳಿಸುತ್ತಿತ್ತು. ಆದರೆ ಕೀಲಿ ತಿರುಗಿಸಿದಾಗಲೆಲ್ಲ ಬಾಗುತ್ತಿದ್ದ ನವುರಾದ ತಂತಿಗಳು ಕಾಲಕ್ರಮದಲ್ಲಿ ಕಡಿದುಹೋಗಿ, ಸರಿಯಾದ ಕೀಲಿಕೈ ಉಳ್ಳ ಒಡೆಯನೂ ಬೀದಿಯಲ್ಲಿ ನಿಲ್ಲಬೇಕಾಗುತ್ತಿತ್ತು. ತರುವಾಯ ತಂತಿಯ ಸಂಪರ್ಕವಿಲ್ಲದ ಚಿಪ್ ಬಳಕೆಗೆ ಬಂದಿತು. 1998ರಲ್ಲಿ ಜರ್ಮನಿ ಮತ್ತು ಬ್ರಿಟನ್‌ಗಳಲ್ಲಿ ಹೊಸ ಕಾರುಗಳಿಗೆ ಚಲನಸ್ತಂಭಕವು ಕಡ್ಡಾಯವಾಯಿತು.

ಪರೀಕ್ಷೆಯ ಮೆಟ್ಟಿಲುಗಳು

ವೈದ್ಯನು ಮೊದಲು ನಾಡಿ ಹಿಡಿದು, ಬಳಿಕ ಔಷಧ ಹೇಳುತ್ತಾನೆ. ಕಾರಿನ ವಿಷಯದಲ್ಲಿಯೂ ಸುಲಭವಾದ, ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡುವುದು ಜಾಣತನ.

ಒಂದು: ಇಂಜಿನು ತಿರುಗುತ್ತಿದೆಯೇ ಎಂಬುದನ್ನು ಗಮನಿಸಬೇಕು. ಬರೀ ಟಕ್ ಟಕ್ ಸದ್ದಾಗಿ ದೀಪಗಳು ಮಂಕಾದರೆ ಬ್ಯಾಟರಿಯನ್ನೇ ಸಂಶಯಿಸಬೇಕು. ಪೂರ್ಣ ತುಂಬಿದ ಬ್ಯಾಟರಿಯು ವಿಶ್ರಾಂತ ಸ್ಥಿತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ವಿದ್ಯುತ್ತು ಕ್ಷೀಣಿಸಿದಾಗ ಸಂಕೇತವನ್ನು ಓದುವ ಕೆಲಸವೂ ತಪ್ಪಬಹುದು. ಆದರೆ ಕೆಲವು ಕಾರುಗಳಲ್ಲಿ ಚಲನಸ್ತಂಭಕವು ಸ್ಟಾರ್ಟರನ್ನೇ ತಡೆಯುವುದರಿಂದ, ದೀಪಗಳು ಪ್ರಖರವಾಗಿದ್ದೂ ಇಂಜಿನು ತಿರುಗದಿದ್ದರೆ ಮುಂದಿನ ಮೆಟ್ಟಿಲಿಗೆ ಹೋಗಬೇಕು.

ಎರಡು: ಕೀಲಿಯನ್ನು ‘ಆನ್’ ಸ್ಥಾನಕ್ಕೆ ತಂದು, ಕೀಲಿಕೈ ಅಥವಾ ಬೀಗದ ಚಿತ್ರವಿರುವ ಎಚ್ಚರಿಕೆಯ ದೀಪವನ್ನು ನೋಡಬೇಕು. ಅನೇಕ ಕಾರುಗಳಲ್ಲಿ ಅದು ಕೆಲವು ಕ್ಷಣ ಬೆಳಗಿ ಆರಿಹೋಗುತ್ತದೆ. ಮಿನುಗುತ್ತಲೇ ಇದ್ದರೆ ಕೀಲಿಕೈಯ ಗುರುತು ಸಿಕ್ಕಿಲ್ಲವೆಂದು ಬಗೆಯಬಹುದು. ದೀಪದ ರೀತಿ ಕಾರಿನಿಂದ ಕಾರಿಗೆ ಬೇರೆಯಾಗುವುದರಿಂದ ಕೈಪಿಡಿಯನ್ನು ನೋಡುವುದು ಅಗತ್ಯ. ಇಂಜಿನು ಹೊತ್ತಿಕೊಂಡು ಒಂದೆರಡು ಕ್ಷಣಗಳಲ್ಲಿ ಆರಿಹೋಗುವುದೂ ಈ ದೋಷದ ಪ್ರಸಿದ್ಧ ಲಕ್ಷಣ.

ಮೂರು: ಕೀಲಿಕೈಯನ್ನು ಗೊಂಚಲಿನಿಂದ ಬೇರ್ಪಡಿಸಬೇಕು. ಬೇರೆ ವಾಹನದ ಚಿಪ್ ಕೀಲಿಕೈ ಅಥವಾ ಲೋಹದ ವಸ್ತು ಪಕ್ಕದಲ್ಲಿದ್ದರೆ ಸಂಕೇತ ಕೆಡಬಹುದು. ಕೆಲವು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಬೇಕು. ಗುಂಡಿ ಒತ್ತಿ ಚಾಲೂ ಮಾಡುವ ಕಾರಾದರೆ ಜೇಬಿನ ಸಾಧನದ ಬ್ಯಾಟರಿ ಮುಗಿದಿರಬಹುದು. ಅನೇಕ ಮಾದರಿಗಳಲ್ಲಿ ಆ ಸಾಧನವನ್ನು ಗುಂಡಿಗೆ ತಾಗಿಸಿ ಹಿಡಿದರೆ ಇಂಜಿನು ಹೊರಡುತ್ತದೆ.

ನಾಲ್ಕು: ಎರಡನೆಯ ಕೀಲಿಕೈಯನ್ನು ಬಳಸಿ ನೋಡಬೇಕು. ಪರೀಕ್ಷೆಗಳಲ್ಲೆಲ್ಲ ಇದೇ ಮುಖ್ಯವಾದುದು. ಅದರಿಂದ ಕಾರು ಹೊರಟರೆ ದೋಷ ಮೊದಲನೆಯ ಕೀಲಿಕೈಯದೆಂದು ಬಹುಮಟ್ಟಿಗೆ ನಿಶ್ಚಯವಾಗುತ್ತದೆ. ಹಿಡಿ ಒಡೆಯಿತೆಂದು ಬೀದಿ ಬದಿಯಲ್ಲಿ ಹೊಸ ಹಿಡಿ ಹಾಕಿಸಿಕೊಂಡವರು, ಹಳೆಯ ಹಿಡಿಯೊಳಗಿನ ಚಿಪ್ಪನ್ನು ಕಸದ ಬುಟ್ಟಿಗೆ ಹಾಕಿರುವುದುಂಟು. ಅಂಥ ಕೀಲಿಕೈ ಬಾಗಿಲನ್ನು ತೆರೆಯುತ್ತದೆ, ಇಂಜಿನನ್ನು ಎಬ್ಬಿಸುವುದಿಲ್ಲ.

ಐದು: ಎರಡೂ ಕೀಲಿಕೈಗಳು ಸೋತರೆ ದೋಷವು ಕಾರಿನಲ್ಲಿದೆಯೆಂದು ತರ್ಕಿಸಬೇಕು. ಫ್ಯೂಸು, ತಂತಿಯ ಸುರುಳಿ, ಅದರ ಜೋಡಣೆಗಳನ್ನು ತಜ್ಞನು ಪರೀಕ್ಷಿಸಬೇಕು. ಸ್ಕ್ಯಾನರ್ ಜೋಡಿಸಿದಾಗ ಪಿ0513 ಎಂಬ ಸಂಕೇತ ಬಂದರೆ, ಚಲನಸ್ತಂಭಕವು ಕೀಲಿಕೈಯನ್ನು ಒಪ್ಪಿಲ್ಲವೆಂದು ಅರ್ಥ. ಹೊರಗಿನ ಅಂಗಡಿಯಲ್ಲಿ ಕಳವು ನಿರೋಧಕವನ್ನು ಹಾಕಿಸಿದ್ದರೆ, ಅದರ ತಂತಿಗಳ ಬೆಸುಗೆ ಸಡಿಲವಾಗಿದೆಯೇ ಎಂದೂ ನೋಡಬೇಕು. ಮುಂಬಯಿಯ ಮಳೆಗಾಲದ ನೀರು ಇಂಥ ಜೋಡಣೆಗಳಿಗೆ ಶತ್ರು.

ಎಚ್ಚರಿಕೆಯ ದೀಪವು ಸಹಜವಾಗಿ ಆರಿಹೋದರೆ ಕಾವಲುಗಾರನನ್ನು ದೂರುವುದು ಬಹುಶಃ ಅನ್ಯಾಯ. ಆಗ ಇಂಧನದ ಪಂಪು, ಕಿಡಿ ಮೊದಲಾದವುಗಳತ್ತ ದೃಷ್ಟಿ ಹರಿಸಬೇಕು.

ಮುಂಜಾಗ್ರತೆ

ಕಾರಣವನ್ನರಿಯದೆ ಸ್ಟಾರ್ಟರ್, ಬ್ಯಾಟರಿಗಳನ್ನು ಬದಲಾಯಿಸುವುದು ರೋಗವರಿಯದೆ ಮದ್ದು ಕುಡಿದಂತೆ: ಹಣವೂ ಹೋಗುತ್ತದೆ, ಬೇನೆಯೂ ಉಳಿಯುತ್ತದೆ. ಕಾರನ್ನು ತಳ್ಳಿಸುವುದರಿಂದಲೂ ಫಲವಿಲ್ಲ, ಏಕೆಂದರೆ ಇಲ್ಲಿ ಕೊರತೆಯಾಗಿರುವುದು ಬಲವಲ್ಲ, ಅನುಮತಿ. ಹಳೆಯ ಕಾರು ಕೊಳ್ಳುವವರು ಎರಡೂ ಕೀಲಿಕೈಗಳನ್ನು ಕೇಳಿ ಪಡೆದು, ಎರಡರಿಂದಲೂ ಇಂಜಿನನ್ನು ಚಾಲೂ ಮಾಡಿ ನೋಡಬೇಕು. ಕಾರು ಕಳವಾದಾಗ ವಿಮಾ ಸಂಸ್ಥೆಗಳು ಸಾಮಾನ್ಯವಾಗಿ ಎರಡೂ ಕೀಲಿಕೈಗಳನ್ನು ಕೇಳುತ್ತವೆಂಬುದನ್ನು ಮರೆಯಲಾಗದು.

ಎರಡನೆಯ ಕೀಲಿಕೈಯನ್ನು ಕಪಾಟಿನ ಯಾವುದೋ ಮೂಲೆಗೆ ಸೇರಿಸಿ ಮರೆಯುವುದು ಮನೆಮನೆಯ ರೂಢಿ. ಅದನ್ನು ಮನೆಯವರೆಲ್ಲರಿಗೂ ತಿಳಿದಿರುವ ಸುರಕ್ಷಿತ ಸ್ಥಳದಲ್ಲಿಟ್ಟು, ತಿಂಗಳಿಗೊಮ್ಮೆ ಅದರಿಂದಲೇ ಕಾರನ್ನು ಹೊರಡಿಸುವ ಅಭ್ಯಾಸವಿರಲಿ. ಅಪರಾತ್ರಿಯಲ್ಲಿ ಮನೆಯವರ ನೆರವಿಗೆ ಬರುವುದು ಬಹುಶಃ ಅದೇ.