ಮಂಗಳವಾರ ಸೊರಬಕ್ಕೆ ಹೋಗಿ ಬಾ

ರಾತ್ರಿ ನಿದ್ದೆ ಬರುವುದಿಲ್ಲ, ಯಾರ ಮುಖ ನೋಡಲೂ ಮನಸ್ಸಿಲ್ಲ ಎಂದು ಬಾಯಿಬಿಟ್ಟು ಹೇಳಿದೆಯಲ್ಲ ಮಗಾ, ಅರ್ಧ ಕೆಲಸ ಆದ ಹಾಗೆ. ಅದರ ಬೆನ್ನಿಗೇ 'ದೊಡ್ಡಪ್ಪಾ, ಆ ಡಾಕ್ಟರ ಫೀಸು ನಮ್ಮಂಥವರಿಗಲ್ಲ, ನನಗೆ ಇನ್ಶೂರೆನ್ಸೂ ಇಲ್ಲ' ಅಂದೆ ನೋಡು, ಅದನ್ನು ನಾನು ಒಪ್ಪುವುದಿಲ್ಲ. ಇನ್ಶೂರೆನ್ಸ್ ಮಾಡಿಸಿದವರಿಗೆ ತಾನೇ ಏನು ಸಿಗುತ್ತದೆ? ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು 2017ರ ಕಾಯ್ದೆ ಹೇಳಿದೆ, ನಿಜ. ಆದರೆ ಹೆಚ್ಚಿನ ಪಾಲಿಸಿಗಳು ಅಡ್ಮಿಟ್ ಆದರೆ ಮಾತ್ರ ದುಡ್ಡು ಕೊಡುತ್ತವೆ. ನಿನಗೆ ಬೇಕಾದದ್ದು ತಿಂಗಳಿಗೊಮ್ಮೆ ಡಾಕ್ಟರು, ದಿನಕ್ಕಿಷ್ಟು ಮಾತ್ರೆ. ಅದಕ್ಕೆ ಹೊಸಬಾಳೆಯಿಂದ ಸೊರಬಕ್ಕೆ ಹೋಗುವ ಬಸ್ ಚಾರ್ಜ್ ಇದ್ದರೆ ಸಾಕು.

2014ರಲ್ಲಿ ಸರ್ಕಾರ ಮನೋಚೈತನ್ಯ ಎಂಬ ಕಾರ್ಯಕ್ರಮ ಶುರುಮಾಡಿತು. ಮನೋವೈದ್ಯರು ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೇ ಬಂದು ನೋಡುವುದು ಅದರ ಕ್ರಮ. ಸರದಿ ಮೇಲೆ ಬರುವುದರಿಂದ ಸೊರಬಕ್ಕೆ ಯಾವ ವಾರ, ಶಿಕಾರಿಪುರಕ್ಕೆ ಯಾವ ವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೊರಡು. ಅವಳ ಬಾಯಿಂದ ಊರಿಗೆಲ್ಲ ಗೊತ್ತಾದೀತು ಎಂಬ ಅಂಜಿಕೆ ಇದ್ದರೆ ಆಸ್ಪತ್ರೆಯ ಚೀಟಿ ಕೌಂಟರಿನಲ್ಲೇ ವಿಚಾರಿಸು.

ಬೆಂಚಿನ ಮೇಲೆ ಫಿಟ್ಸ್ ಬರುವ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ ಇರುತ್ತಾಳೆ, ಕುಡಿತ ಬಿಡಿಸಲು ಗಂಡನನ್ನು ಎಳೆದುಕೊಂಡು ಬಂದವಳೂ ಇರುತ್ತಾಳೆ. ಅಷ್ಟು ಜನರ ನಡುವೆ ಡಾಕ್ಟರು ನಿನಗೆ ಸಿಗುವುದು ಸ್ವಲ್ಪವೇ ಹೊತ್ತು. ಮನೆಯಲ್ಲೇ ಒಂದು ಹಾಳೆಯಲ್ಲಿ ಬರೆದುಕೋ: ನಿದ್ದೆ ಕೆಟ್ಟು ಎಷ್ಟು ದಿನವಾಯಿತು, ಊಟ ಸೇರುತ್ತದೋ ಇಲ್ಲವೋ, ಕುಡಿತ ಎಷ್ಟು, ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೋ. ಸಾಯುವ ಯೋಚನೆ ಬಂದಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನೇ ಹೇಳು. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು ಹೇಳುವ ಮಾತಲ್ಲ ಅದು.

ಮಾತ್ರೆ ಆಸ್ಪತ್ರೆಯಲ್ಲೇ ಪುಕ್ಕಟೆ ಕೊಡುತ್ತಾರೆ. ಸ್ಟಾಕ್ ಇಲ್ಲ ಅಂದರೆ ಕಂಪನಿಯ ಹೆಸರು ಬಿಟ್ಟು ಔಷಧದ ಹೆಸರು ಬರೆಸಿಕೊಂಡು ಜನೌಷಧಿ ಅಂಗಡಿಗೆ ಹೋಗು, ಕಡಿಮೆಗೆ ಸಿಗುತ್ತದೆ. ಖಿನ್ನತೆಯ ಮಾತ್ರೆ ಕೆಲಸಕ್ಕೆ ಹತ್ತಲು ಎರಡು ವಾರ ಬೇಕು, ನಾಲ್ಕೂ ಹಿಡಿಯಬಹುದು. ಅಷ್ಟರೊಳಗೆ ಹೊಟ್ಟೆ ತೊಳಸುತ್ತದೆ, ಬಾಯಿ ಒಣಗುತ್ತದೆ ಎಂದು ಎಸೆದವರು ಎಷ್ಟೋ ಜನ. ಗುಣ ಕಂಡಿತೆಂದು ತಾವೇ ನಿಲ್ಲಿಸಿದವರು ಅದಕ್ಕಿಂತ ಹೆಚ್ಚು. ನಿಲ್ಲಿಸುವುದನ್ನೂ ಡಾಕ್ಟರೇ ಹೇಳಬೇಕು.

ನಮ್ಮ ಕಡೆ ದುಡ್ಡು ಸೋರುವುದು ಬೇರೆ ಕಡೆ, ಮಾರಾಯ. ಗಾಳಿ ಸೋಕಿದೆ, ಯಾರೋ ಮಾಡಿಸಿದ್ದಾರೆ ಎಂದು ಊರೂರು ತಿರುಗಿ, ಕೋಳಿ, ತಾಯಿತ, ಬಾಡಿಗೆ ಕಾರು ಎಂದು ಶುಂಠಿಯ ದುಡ್ಡನ್ನೆಲ್ಲ ಕಳೆದು, ಕೊನೆಗೆ ಬರಿಗೈಲಿ ಆಸ್ಪತ್ರೆಗೆ ಬರುತ್ತಾರೆ. ಚಂದ್ರಗುತ್ತಿ ಅಮ್ಮನಿಗೆ ಹಣ್ಣುಕಾಯಿ ಮಾಡಿಸು, ಬೇಡ ಅನ್ನುವವನು ನಾನಲ್ಲ. ಮಾತ್ರೆ ನುಂಗಿಯೇ ಹೋಗಿ ಬಾ.

ನಮ್ಮದೇ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ನಿಮ್ಹಾನ್ಸ್‌ನವರು 2005ರ ಸುಮಾರಿಗೆ ಹಳ್ಳಿಯ ಸ್ಕಿಜೋಫ್ರೇನಿಯಾ ರೋಗಿಗಳನ್ನು ಹುಡುಕಿ ಔಷಧ ಕೊಡುವ ಕೆಲಸ ಹಿಡಿದರು. ಅಂಥ ಕಾಯಿಲೆಯನ್ನೇ ಊರಲ್ಲಿಟ್ಟು ನೋಡಿಕೊಳ್ಳಬಹುದು ಎಂದಾದರೆ ನಿನ್ನದೇನು ದೊಡ್ಡದು? ತಾಲ್ಲೂಕಿನಲ್ಲಿ ಬಗೆಹರಿಯದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ. ಹಳೇ ಚೀಟಿಗಳನ್ನು ಮಾತ್ರ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಡು.

ನಡುರಾತ್ರಿ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, 2022ರಲ್ಲಿ ಶುರುವಾದದ್ದು. ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಂಗಳವಾರ ಮಾತ್ರ ಒಬ್ಬನೇ ಹೋಗಬೇಡ. ಅಮ್ಮನನ್ನು ಕರೆದುಕೊಂಡು ಹೋಗು. ನೀನು ಮುಚ್ಚಿಡುವುದನ್ನು ಡಾಕ್ಟರು ಅವಳ ಹತ್ತಿರ ಕೇಳಿ ತಿಳಿದುಕೊಳ್ಳಲಿ.