ಪಿಕಪ್ ಬ್ರೇಕಿನ ಪ್ಯಾಡ್, ಡಿಸ್ಕ್ ಮನೆಯಲ್ಲೇ ಬದಲಾಯಿಸಬಹುದೇ?

ಪ್ರಶ್ನೆ: ನಮ್ಮದು ಸಣ್ಣ ಕಾಫಿ ತೋಟ. ಸರಕಿಗೆಂದು ಒಂದು ಪಿಕಪ್ ಇಟ್ಟುಕೊಂಡಿದ್ದೇವೆ. ಚಾರ್ಮಾಡಿ ಘಾಟಿ ಇಳಿದು ಹತ್ತುವುದು ನಮಗೆ ಮಾಮೂಲಿ. ಈಚೆಗೆ ಮುಂದಿನ ಚಕ್ರದಿಂದ ಕೀರಲು ಶಬ್ದ ಬರುತ್ತಿದೆ, ಬ್ರೇಕ್ ಒತ್ತಿದರೆ ಸ್ಟೇರಿಂಗ್ ಅದುರುತ್ತದೆ. ಪ್ಯಾಡಿನ ಜೊತೆಗೆ ಡಿಸ್ಕನ್ನೂ ಹೊಸದು ಹಾಕಬೇಕು ಎಂದು ಗ್ಯಾರೇಜಿನವರು ಹೇಳುತ್ತಾರೆ. ಪಂಪ್‌ಸೆಟ್, ಟಿಲ್ಲರ್ ರಿಪೇರಿಯನ್ನು ನಾವೇ ಮಾಡಿಕೊಳ್ಳುವವರು. ಬ್ರೇಕಿನ ಕೆಲಸವನ್ನೂ ಮನೆಯಲ್ಲೇ ಮಾಡಬಹುದೇ? ಡಿಸ್ಕ್ ನಿಜವಾಗಿಯೂ ಹೋಗಿದೆಯೇ ಎಂದು ತಿಳಿಯುವುದು ಹೇಗೆ?
— ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ಪಂಪ್‌ಸೆಟ್ ಬಿಚ್ಚಿ ಜೋಡಿಸುವ ಕೈಗೆ ಪ್ಯಾಡ್ ಬದಲಾಯಿಸುವುದು ಖಂಡಿತ ಸಾಧ್ಯ. ಡಿಸ್ಕಿನ ಮಾತು ಬೇರೆ. ಅದು ಹಬ್‌ಗೆ ಯಾವ ರೀತಿ ಕೂತಿದೆ ಎನ್ನುವುದರ ಮೇಲೆ ಮನೆಯ ಕೆಲಸವೋ ಗ್ಯಾರೇಜಿನ ಕೆಲಸವೋ ತೀರ್ಮಾನವಾಗುತ್ತದೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬ್ರೇಕಿನ ಕೆಲಸದಲ್ಲಿ ಬಿಚ್ಚುವುದು, ಬಿಗಿಯುವುದು ಕಷ್ಟವಲ್ಲ. ಅಳೆಯುವುದು ಮತ್ತು ಶುಚಿ ಮಾಡುವುದು, ಈ ಎರಡರಲ್ಲೇ ಇಡೀ ಕೆಲಸದ ಒಳಿತು ಕೆಡುಕು ಅಡಗಿದೆ. ಅವೆರಡಕ್ಕೆ ತಾಳ್ಮೆಯಿದ್ದರೆ ಮಾತ್ರ ಪಾನಾ ಕೈಗೆತ್ತಿಕೊಳ್ಳಿ.

ಘಾಟಿಯಲ್ಲಿ ನಿಮ್ಮ ಬ್ರೇಕಿನ ಮೇಲೆ ಎಷ್ಟು ಹೊರೆ ಬೀಳುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಬ್ರೇಕ್ ಎಂದರೆ ಓಟವನ್ನು ಶಾಖವಾಗಿ ಬದಲಿಸುವ ಯಂತ್ರ. ಸರಕು ಸೇರಿ ಗಾಡಿ 2,800 ಕೆ.ಜಿ. ಇದೆ ಎಂದುಕೊಳ್ಳಿ. ಗಂಟೆಗೆ 80 ಕಿ.ಮೀ. ವೇಗದಿಂದ ಅದನ್ನು ಪೂರ್ತಿ ನಿಲ್ಲಿಸಿದರೆ ಹುಟ್ಟುವ ಶಾಖ ಸುಮಾರು 690 ಕಿಲೋಜೂಲ್. ಎರಡು ಲೀಟರ್ ತಣ್ಣೀರನ್ನು ಕುದಿಸಲು ಬೇಕಾದಷ್ಟು ಶಾಖ ಅದು, ಕೆಲವೇ ಸೆಕೆಂಡುಗಳಲ್ಲಿ ಹುಟ್ಟುವಂಥದ್ದು. ಈಗ ಅದೇ ಗಾಡಿ ಘಾಟಿಯಲ್ಲಿ 100 ಮೀಟರ್ ಎತ್ತರದಷ್ಟು ಕೆಳಗಿಳಿಯಿತು ಎನ್ನಿ. ಬರೀ ಬ್ರೇಕಿನಿಂದಲೇ ವೇಗ ಹಿಡಿದಿಟ್ಟರೆ ಸುಮಾರು 2,700 ಕಿಲೋಜೂಲ್ ಶಾಖವನ್ನು ಡಿಸ್ಕ್, ಡ್ರಮ್ಮುಗಳು ನುಂಗಬೇಕು. ಅಂದರೆ 80ರ ವೇಗದಿಂದ ನಾಲ್ಕು ಸಲ ನಿಲ್ಲಿಸಿದ್ದಕ್ಕೆ ಸಮ. ಚಾರ್ಮಾಡಿಯಲ್ಲಿ ಇಂಥ ನೂರು ಮೀಟರುಗಳು ಒಂದರ ಮೇಲೊಂದು ಬರುತ್ತವೆ. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಹಾಗಾಗಿ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ. ಬಯಲುಸೀಮೆಯ ಗಾಡಿಗಿಂತ ನಿಮ್ಮ ಗಾಡಿಯ ಮುಂದಿನ ಪ್ಯಾಡು ಬೇಗ ಸವೆಯುವುದರಲ್ಲಿ ಆಶ್ಚರ್ಯವಿಲ್ಲ.

ಈಗ ನಿಮ್ಮ ಎರಡು ಲಕ್ಷಣಗಳಿಗೆ ಬರೋಣ. ಎರಡರ ಕಾರಣವೂ ಬೇರೆಬೇರೆ.

ಕೀರಲು ಶಬ್ದ ಬಹುಮಟ್ಟಿಗೆ ಪ್ಯಾಡಿನ ಕೂಗು. ಅನೇಕ ಪ್ಯಾಡುಗಳಲ್ಲಿ ಒಂದು ಸಣ್ಣ ಲೋಹದ ನಾಲಿಗೆ ಇರುತ್ತದೆ. ಪ್ಯಾಡು ತೆಳುವಾದಾಗ ಅದು ಡಿಸ್ಕಿಗೆ ಉಜ್ಜಿ ಎಚ್ಚರಿಸುತ್ತದೆ. ಹೊಸ ಪ್ಯಾಡಿನ ಉಜ್ಜುವ ಭಾಗ ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಹಿಂದಿನ ಉಕ್ಕಿನ ತಗಡನ್ನು ಬಿಟ್ಟು ಅಳೆದಾಗ ಉಳಿದಿರುವುದು 3 ಮಿ.ಮೀ. ಅಥವಾ ಕಡಿಮೆ ಎಂದಾದರೆ ಬದಲಾಯಿಸಿ. ಒಳಗಿನ ಪ್ಯಾಡು, ಹೊರಗಿನ ಪ್ಯಾಡು ಎರಡನ್ನೂ ನೋಡಿ. ಒಂದು ಮಾತ್ರ ಹೆಚ್ಚು ಸವೆದಿದ್ದರೆ ಕ್ಯಾಲಿಪರ್ ಜಾರುವ ಪಿನ್ನೋ ಪಿಸ್ಟನ್ನೋ ಹಿಡಿದುಕೊಂಡಿದೆ ಎಂದರ್ಥ. ಅದನ್ನು ಸರಿಪಡಿಸದೆ ಹೊಸ ಪ್ಯಾಡು ಹಾಕಿದರೆ ಅದೂ ಹಾಗೆಯೇ ಸವೆಯುತ್ತದೆ.

ಸ್ಟೇರಿಂಗ್ ಅದುರುವುದು ಡಿಸ್ಕಿನ ಕಡೆ ಬೆರಳು ತೋರಿಸುತ್ತದೆ. ಎಲ್ಲರೂ ‘ಡಿಸ್ಕ್ ಬೆಂಡಾಗಿದೆ’ ಎನ್ನುತ್ತಾರೆ. ಆದರೆ ಬಹಳಷ್ಟು ಸಲ ಡಿಸ್ಕ್ ಬೆಂಡಾಗಿರುವುದಿಲ್ಲ. ಅದರ ದಪ್ಪ ಸುತ್ತಲೂ ಒಂದೇ ಸಮ ಉಳಿದಿರುವುದಿಲ್ಲ, ಅಷ್ಟೆ. ಮಿಲಿಮೀಟರಿನ ನೂರನೇ ಎರಡು ಮೂರು ಭಾಗದಷ್ಟು ವ್ಯತ್ಯಾಸವಾದರೂ ಪೆಡಲಿಗೆ, ಸ್ಟೇರಿಂಗಿಗೆ ಗೊತ್ತಾಗುತ್ತದೆ. ಹೀಗಾಗಲು ಮುಖ್ಯ ಕಾರಣ ಹಬ್ ಮತ್ತು ಡಿಸ್ಕಿನ ನಡುವೆ ಕೂತ ತುಕ್ಕು, ಮಣ್ಣು. ಅದರಿಂದ ಡಿಸ್ಕ್ ಕೂದಲೆಳೆಯಷ್ಟು ಓರೆಯಾಗಿ ತಿರುಗುತ್ತದೆ. ಬ್ರೇಕ್ ಒತ್ತದಿದ್ದಾಗಲೂ ಒಂದೇ ಜಾಗ ಪ್ಯಾಡಿಗೆ ತಾಗಿ ತಾಗಿ ಸವೆಯುತ್ತದೆ. ಕೆಲವು ಸಾವಿರ ಕಿಲೋಮೀಟರ್ ಆದಮೇಲೆ ಅದುರು ಶುರುವಾಗುತ್ತದೆ. ವೀಲ್ ನಟ್ಟುಗಳನ್ನು ಒಂದು ಹೆಚ್ಚು ಒಂದು ಕಡಿಮೆ ಬಿಗಿದಾಗಲೂ ಇದೇ ಪಾಡು. ಹಬ್ ಶುಚಿ ಮಾಡದೆ ಹೊಸ ಡಿಸ್ಕ್ ಹಾಕಿದರೆ ಕೆಲವು ತಿಂಗಳಲ್ಲಿ ಅದುರು ಮರಳಿ ಬರುವುದು ಇದೇ ಕಾರಣಕ್ಕೆ.

ಡಿಸ್ಕ್ ಹೋಗಿದೆಯೇ ಎಂಬುದಕ್ಕೆ ಉತ್ತರ ಡಿಸ್ಕಿನ ಮೇಲೆಯೇ ಇದೆ. ಅದರ ಅಂಚಿನಲ್ಲೋ ನಡುವಿನ ಉಬ್ಬು ಭಾಗದಲ್ಲೋ ಕನಿಷ್ಠ ದಪ್ಪ ಎಷ್ಟಿರಬೇಕು ಎಂದು ಸಾಮಾನ್ಯವಾಗಿ ಅಚ್ಚೊತ್ತಿರುತ್ತಾರೆ. ತುಕ್ಕಿನಲ್ಲಿ ಮುಚ್ಚಿಹೋಗಿದ್ದರೆ ವೈರ್ ಬ್ರಷ್‌ನಲ್ಲಿ ಉಜ್ಜಿ ನೋಡಿ. ಅಲ್ಲೂ ಸಿಗದಿದ್ದರೆ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಇನ್ನು ಅಳತೆ. ಸವೆದ ಡಿಸ್ಕಿನ ಅಂಚಿನಲ್ಲಿ ಪ್ಯಾಡು ತಾಗದ ಒಂದು ಏಣು ಉಳಿದಿರುತ್ತದೆ. ವರ್ನಿಯರ್ ಕ್ಯಾಲಿಪರ್ ಹಿಡಿದರೆ ಅದು ಆ ಏಣನ್ನೇ ಅಳೆದು ದಪ್ಪ ಹೆಚ್ಚಿದೆ ಎಂದು ತೋರಿಸುತ್ತದೆ. ಒಂದೇ ಬಗೆಯ ಎರಡು ನಾಣ್ಯಗಳನ್ನು ಡಿಸ್ಕಿನ ಎರಡೂ ಬದಿಗೆ ಇಟ್ಟು ಅಳೆಯಿರಿ, ಆಮೇಲೆ ನಾಣ್ಯಗಳ ದಪ್ಪ ಕಳೆಯಿರಿ. ನಿಜವಾದ ಅಳತೆ ಸಿಗುತ್ತದೆ. ಏಳೆಂಟು ಕಡೆ ಹೀಗೆ ಅಳೆದು ಬರೆದುಕೊಳ್ಳಿ. ಅತಿ ತೆಳುವಾದ ಜಾಗ ಕನಿಷ್ಠ ದಪ್ಪಕ್ಕಿಂತ ಕೆಳಗಿದ್ದರೆ ಅಥವಾ ಅದರ ಹತ್ತಿರಕ್ಕೆ ಬಂದಿದ್ದರೆ ಗ್ಯಾರೇಜಿನವರು ಹೇಳಿದ್ದು ಸರಿ, ಹೊಸದು ಹಾಕಿ. ಬಿರುಕು ಕಂಡರಂತೂ ಅಳತೆಯೇ ಬೇಡ, ತೆಗೆದುಬಿಡಿ. ದಪ್ಪ ಸಾಕಷ್ಟಿದ್ದು ಅದುರು ಮಾತ್ರ ಇದ್ದರೆ ಲೇತ್‌ನಲ್ಲಿ ಸಮ ಮಾಡಿಸಬಹುದು. ಆದರೆ ಲೇತ್ ಕೆಲಸ ಮುಗಿದ ಮೇಲೂ ದಪ್ಪ ಆ ಕನಿಷ್ಠದ ಮೇಲೆ ಚೆನ್ನಾಗಿ ಉಳಿದಿರಬೇಕು. ತೆಳು ಡಿಸ್ಕ್ ಬೇಗ ಕಾಯುತ್ತದೆ, ಘಾಟಿಯಲ್ಲಿ ಅದನ್ನು ನಂಬುವಂತಿಲ್ಲ.

ಮನೆಯೋ ಗ್ಯಾರೇಜೋ ಎಂಬುದರ ಗಡಿ ಇಲ್ಲಿದೆ. ಕೆಲವು ಪಿಕಪ್‌ಗಳಲ್ಲಿ ಡಿಸ್ಕ್ ಹಬ್‌ನ ಮುಂದೆ ಟೋಪಿಯಂತೆ ಕೂತಿರುತ್ತದೆ. ಚಕ್ರ, ಕ್ಯಾಲಿಪರ್, ಅದರ ಬ್ರಾಕೆಟ್ ತೆಗೆದರೆ ಡಿಸ್ಕ್ ಕೈಗೆ ಬರುತ್ತದೆ. ಇದು ಮನೆಯಲ್ಲಿ ಮಾಡಬಹುದಾದ ಕೆಲಸ. ಇನ್ನು ಕೆಲವು ಗಾಡಿಗಳಲ್ಲಿ ಡಿಸ್ಕನ್ನು ಹಬ್‌ಗೆ ಹಿಂಬದಿಯಿಂದ ಬೋಲ್ಟ್ ಮಾಡಿರುತ್ತಾರೆ. ಅದನ್ನು ತೆಗೆಯಲು ವೀಲ್ ಬೇರಿಂಗ್ ಬಿಚ್ಚಿ ಹಬ್ಬನ್ನೇ ಹೊರತೆಗೆಯಬೇಕು. ಮತ್ತೆ ಕೂರಿಸುವಾಗ ಬೇರಿಂಗ್ ಸಡಿಲವಾದರೆ ಚಕ್ರ ಅಲ್ಲಾಡುತ್ತದೆ, ಹೆಚ್ಚು ಬಿಗಿಯಾದರೆ ಬೇರಿಂಗ್ ಸುಟ್ಟುಹೋಗುತ್ತದೆ. ಅಭ್ಯಾಸವಿಲ್ಲದ ಕೈಗೆ ಆ ಹದ ಸಿಗುವುದಿಲ್ಲ. ನಿಮ್ಮ ಗಾಡಿಯದು ಈ ಎರಡನೇ ಬಗೆ ಎಂದಾದರೆ ಪ್ಯಾಡು ನೀವು ಹಾಕಿ, ಡಿಸ್ಕ್ ಗ್ಯಾರೇಜಿನಲ್ಲಿ ಹಾಕಿಸಿ. ಚಕ್ರ ಬಿಚ್ಚಿ ಕಣ್ಣಾರೆ ನೋಡಿ, ಮ್ಯಾನ್ಯುಯಲ್ ತಿರುವಿ ಖಚಿತಪಡಿಸಿಕೊಂಡ ಮೇಲೆಯೇ ಸಾಮಾನು ತರಲು ಹೊರಡಿ.

ಕೆಲಸಕ್ಕೆ ಜಾಗ ಮೊದಲು ನೋಡಿಕೊಳ್ಳಿ. ತೋಟದ ಮಣ್ಣಿನ ಅಂಗಳ ಬೇಡ, ಸಿಮೆಂಟಿನ ಕಾಫಿ ಕಣ ಇದ್ದರೆ ಅದೇ ಒಳ್ಳೆಯದು. ಸಮತಟ್ಟಾಗಿರಬೇಕು. ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳನ್ನು ಹಿಡಿಯುವುದರಿಂದ ಮುಂದಿನ ಕೆಲಸಕ್ಕೆ ಅದನ್ನು ಎಳೆದಿಡಿ, ಗೇರಿನಲ್ಲಿಡಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಚಕ್ರ ನೆಲದ ಮೇಲಿದ್ದಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕಿ ಏರಿಸಿ. ಎತ್ತಿದ ಕೂಡಲೇ ಚಾಸಿಯ ಕೆಳಗೆ ಜಾಕ್ ಸ್ಟ್ಯಾಂಡ್ ಇಡಿ. ಜಾಕಿ ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಹಾಲೋ ಬ್ಲಾಕ್, ಇಟ್ಟಿಗೆ ಇಡಲೇಬೇಡಿ. ಅವು ಯಾವ ಸೂಚನೆಯನ್ನೂ ಕೊಡದೆ ಪುಡಿಯಾಗುತ್ತವೆ. ಜಾಕ್ ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಇದರಲ್ಲಿ ರಾಜಿಯಿಲ್ಲ.

ಒಂದು ಸಲಕ್ಕೆ ಒಂದೇ ಕಡೆ ಬಿಚ್ಚಿ. ಯಾವುದು ಎಲ್ಲಿ ಕೂರಬೇಕೆಂದು ಗೊಂದಲವಾದರೆ ಇನ್ನೊಂದು ಕಡೆ ನೋಡಿಕೊಳ್ಳಬಹುದು. ಆದರೆ ಸಾಮಾನು ಎರಡೂ ಕಡೆ ಬದಲಾಗಬೇಕು. ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಕ್ಯಾಲಿಪರ್ ತೆಗೆದ ಮೇಲೆ ಅದನ್ನು ರಬ್ಬರ್ ಹೋಸಿನಲ್ಲಿ ನೇತಾಡಲು ಬಿಡಬೇಡಿ. ಹೋಸ್ ಒಳಗೊಳಗೇ ಹರಿದರೆ ಹೊರಗೆ ಗೊತ್ತಾಗುವುದಿಲ್ಲ. ತಂತಿಯಿಂದ ಮೇಲೆ ಕಟ್ಟಿ. ಬ್ರೇಕ್ ದೂಳನ್ನು ಬಾಯಿಂದಾಗಲಿ ಕಂಪ್ರೆಸರ್ ಗಾಳಿಯಿಂದಾಗಲಿ ಊದಬೇಡಿ. ಹಳೆಯ ಪ್ಯಾಡುಗಳ ದೂಳಿನಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಹಾನಿಕರ. ಮಾಸ್ಕ್ ಹಾಕಿ ಬ್ರೇಕ್ ಕ್ಲೀನರ್ ಸಿಂಪಡಿಸಿ ಅಥವಾ ಒದ್ದೆ ಬಟ್ಟೆಯಲ್ಲಿ ಒರೆಸಿ.

ಹೊಸ ಪ್ಯಾಡು ದಪ್ಪ ಇರುವುದರಿಂದ ಪಿಸ್ಟನ್ನನ್ನು ಒಳಕ್ಕೆ ತಳ್ಳಬೇಕು. ಆಗ ಬ್ರೇಕ್ ಆಯಿಲ್ ಮೇಲಿನ ಡಬ್ಬಿಗೆ ಏರಿ ಚೆಲ್ಲಬಹುದು. ಆದ್ದರಿಂದ ಮೊದಲೇ ಅಲ್ಲಿಂದ ಸ್ವಲ್ಪ ತೆಗೆದಿಡಿ. ಅದು ಬಣ್ಣದ ಮೇಲೆ ಬಿದ್ದರೆ ಬಣ್ಣವೇ ಎದ್ದುಬರುತ್ತದೆ. ಹಳೆಯ ಪ್ಯಾಡನ್ನು ಪಿಸ್ಟನ್ನಿನ ಮೇಲಿಟ್ಟು ಜಿ ಕ್ಲಾಂಪ್‌ನಲ್ಲಿ ನಿಧಾನವಾಗಿ ಒತ್ತಿ. ಸಲೀಸಾಗಿ ಹೋಗದಿದ್ದರೆ, ಸುತ್ತಲಿನ ರಬ್ಬರ್ ಹರಿದಿದ್ದರೆ, ಎಣ್ಣೆ ಜಿನುಗಿದ್ದರೆ ಕ್ಯಾಲಿಪರ್ ರಿಪೇರಿಗೆ ಹೋಗಬೇಕು. ಜಾರುವ ಪಿನ್ನುಗಳನ್ನು ಹೊರತೆಗೆದು ಒರೆಸಿ ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಸವರಿ. ಬೇರಿಂಗ್ ಗ್ರೀಸ್, ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ.

ಹಳೆಯ ಡಿಸ್ಕ್ ತುಕ್ಕು ಹಿಡಿದು ಬರದಿದ್ದರೆ ಅದರ ಮುಖದಲ್ಲಿ ಥ್ರೆಡ್ ಇರುವ ಎರಡು ತೂತು ಇವೆಯೇ ನೋಡಿ. ಅವಕ್ಕೆ ಹೊಂದುವ ಬೋಲ್ಟನ್ನು ಎರಡೂ ಕಡೆ ಸಮನಾಗಿ ಬಿಗಿಯುತ್ತ ಹೋದರೆ ಡಿಸ್ಕ್ ತಾನೇ ಎದ್ದುಬರುತ್ತದೆ. ಆಮೇಲೆ ಈ ಕೆಲಸದ ಅತಿ ಮುಖ್ಯ ಹತ್ತು ನಿಮಿಷ. ಹಬ್‌ನ ಮುಖವನ್ನು ವೈರ್ ಬ್ರಷ್, ಉಪ್ಪು ಕಾಗದದಿಂದ ಲೋಹ ಹೊಳೆಯುವ ತನಕ ಉಜ್ಜಿ. ಬೆರಳಾಡಿಸಿದರೆ ಒಂದು ಹರಳೂ ತಾಗಬಾರದು. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುತ್ತಾರೆ, ಅದನ್ನು ಬ್ರೇಕ್ ಕ್ಲೀನರ್‌ನಲ್ಲಿ ಪೂರ್ತಿ ತೆಗೆಯಿರಿ. ಪ್ಯಾಡಿನ ಮುಖಕ್ಕೆ ಗ್ರೀಸ್ ಕೈ ತಾಗಿಸಬೇಡಿ.

ಬಿಗಿಯುವಾಗ ಟಾರ್ಕ್ ರೆಂಚ್ ಬಳಸಿ. ಬ್ರಾಕೆಟ್ ಬೋಲ್ಟಿಗೆ, ಕ್ಯಾಲಿಪರ್ ಬೋಲ್ಟಿಗೆ, ವೀಲ್ ನಟ್ಟಿಗೆ ಬೇರೆಬೇರೆ ಅಳತೆ ಇರುತ್ತದೆ. ನಿಮ್ಮ ಮಾದರಿಯ ಮ್ಯಾನ್ಯುಯಲ್‌ನಲ್ಲಿ ಇರುವುದನ್ನೇ ನಂಬಿ. ವೀಲ್ ನಟ್ಟುಗಳನ್ನು ಸುತ್ತಿಕೊಂಡು ಬಿಗಿಯದೆ ಎದುರುಬದುರು ಬಿಗಿಯುತ್ತ ಬನ್ನಿ. 50ರಿಂದ 100 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.

ಗಾಡಿ ಕೆಳಗಿಳಿಸಿದ ಕೂಡಲೇ ಹೊರಡಬೇಡಿ. ಪಿಸ್ಟನ್ ಒಳಗೆ ಸರಿದಿರುವುದರಿಂದ ಮೊದಲ ಸಲ ಪೆಡಲ್ ನೆಲದ ತನಕ ಹೋಗುತ್ತದೆ, ಬ್ರೇಕ್ ಇರುವುದೇ ಇಲ್ಲ. ನಿಂತಲ್ಲೇ ಪೆಡಲ್ಲನ್ನು ಒತ್ತಿ ಒತ್ತಿ ಬಿಡಿ, ಗಟ್ಟಿಯಾಗುವ ತನಕ. ಆಯಿಲ್ ಮಟ್ಟ ನೋಡಿ. ಹೋಸ್ ಬಿಚ್ಚದಿದ್ದರೆ ಗಾಳಿ ತೆಗೆಯುವ ಕೆಲಸ ಇರುವುದಿಲ್ಲ. ಆದರೂ ಪೆಡಲ್ ಮೆತ್ತಗಿದ್ದರೆ ಗಾಡಿ ಅಲ್ಲಿಂದ ಕದಲಬಾರದು. ಗ್ಯಾರೇಜಿನವರನ್ನು ಮನೆಗೇ ಕರೆಸಿ.

ಬ್ರೇಕ್ ಆಯಿಲ್‌ಗೂ ನಿಮ್ಮ ಘಾಟಿಗೂ ದೊಡ್ಡ ನಂಟಿದೆ. ಅದು ಗಾಳಿಯ ತೇವ ಹೀರುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಅದಕ್ಕೆ ತೇವದ ಬರವಿಲ್ಲ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಇಳಿಜಾರಿನಲ್ಲಿ ಆಯಿಲ್ ಕುದಿದು ಆವಿಯಾದರೆ ಪೆಡಲ್ ಒಮ್ಮೆಲೇ ಮೆತ್ತಗಾಗುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಬಗೆಯದನ್ನೇ ಹಾಕಿ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಹಳೆಯ ಆಯಿಲ್ಲನ್ನು ತೋಟಕ್ಕೆ, ತೋಡಿಗೆ ಸುರಿಯದೆ ಗ್ಯಾರೇಜಿಗೆ ಕೊಡಿ.

ಹೊಸ ಪ್ಯಾಡು, ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳಬೇಕು. ಖಾಲಿ ಗಾಡಿಯನ್ನು ಜನವಿಲ್ಲದ ನೇರ ರಸ್ತೆಯಲ್ಲಿ 50 ಕಿ.ಮೀ. ವೇಗಕ್ಕೆ ತಂದು ಹದವಾಗಿ ಬ್ರೇಕ್ ಹಾಕಿ 10ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಆರಲು ಅರ್ಧ ಕಿಲೋಮೀಟರ್ ಓಡಿಸಿ ಮತ್ತೆ ಹಾಗೆಯೇ ಮಾಡಿ. ಹತ್ತು ಸಲ ಸಾಕು. ಪ್ಯಾಡಿನ ಪೊಟ್ಟಣದ ಮೇಲೆ ಬೇರೆ ಕ್ರಮ ಬರೆದಿದ್ದರೆ ಅದನ್ನೇ ಅನುಸರಿಸಿ. ಮೊದಲ 200–300 ಕಿ.ಮೀ. ತುಂಬಿದ ಗಾಡಿಯನ್ನು ಘಾಟಿಗೆ ಇಳಿಸಬೇಡಿ.

ಆಮೇಲೆ ಇಳಿಯುವಾಗ ಹತ್ತಲು ಯಾವ ಗೇರು ಬೇಕಿತ್ತೋ ಅದೇ ಗೇರಿನಲ್ಲಿ ಇಳಿಯಿರಿ. ಮೇಲೆ ಲೆಕ್ಕ ಹಾಕಿದ ಶಾಖದ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಪ್ಯಾಡಿನ, ಡಿಸ್ಕಿನ ದಪ್ಪವನ್ನು ಓಡೋಮೀಟರ್ ಅಂಕಿಯ ಜೊತೆ ಒಂದು ಪುಸ್ತಕದಲ್ಲಿ ಬರೆದಿಡಿ, ಪ್ರತಿ ಮಳೆಗಾಲಕ್ಕೆ ಮುಂಚೆ ಮತ್ತೆ ಅಳೆಯಿರಿ. ಮುಂದೆ ಕೆಲಸವನ್ನು ನೀವೇ ಮಾಡಿದರೂ ಗ್ಯಾರೇಜಿಗೆ ಕೊಟ್ಟರೂ ಡಿಸ್ಕ್ ಬೇಕೋ ಬೇಡವೋ ಎಂಬ ಮಾತು ಅಳತೆಯ ಮೇಲೆಯೇ ನಡೆಯುತ್ತದೆ.