ಸಾವಿನ ಲೆಕ್ಕ

ಪಿಡುಗೊಂದು ನಾಡಿನ ಮೇಲೆ ಹಾದುಹೋದ ತರುವಾಯ, ಅದರಿಂದ ಎಷ್ಟು ಜನ ಸತ್ತರೆಂದು ಕೇಳುವುದು ಸುಲಭ; ಉತ್ತರ ಹೇಳುವುದು ಸುಲಭವಲ್ಲ. 1918ರ ಇನ್‌ಫ್ಲೂಯೆಂಜಾ ಜ್ವರವನ್ನೇ ತೆಗೆದುಕೊಳ್ಳೋಣ. ಇಂಡಿಯಾದಲ್ಲಿ ಅದಕ್ಕೆ ಬಲಿಯಾದವರು 60 ಲಕ್ಷವೆಂದು ಅಂದಿನ ಸರ್ಕಾರದ ಆರೋಗ್ಯಾಧಿಕಾರಿಗಳು ಮೊದಲು ಅಂದಾಜು ಮಾಡಿದರು. ಆಮೇಲಿನ ಸಂಶೋಧಕರು ಹೇಳುವುದು 1 ಕೋಟಿ 20 ಲಕ್ಷದಿಂದ 2 ಕೋಟಿಯವರೆಗೆ! 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಹತ್ತು ವರ್ಷಗಳ ಹಿಂದೆ ಇದ್ದುದಕ್ಕಿಂತ ತುಸು ಕಡಮೆಯಾಗಿತ್ತು. 20ನೆಯ ಶತಮಾನದಲ್ಲಿ ಹಾಗಾದುದು ಅದೊಂದೇ ದಶಕದಲ್ಲಿ. ಈಗಿನ ಕರ್ನಾಟಕದ ಎಲ್ಲೆಯೊಳಗೂ ಶೇಕಡ 1ರಷ್ಟು ಇಳಿತ ಕಂಡುಬಂದಿತು.

ಮೊದಲ ಅಂದಾಜು ಏಕೆ ಅಷ್ಟು ಕೆಳಗಿತ್ತು? ಗ್ರಾಮದ ಮರಣಪುಸ್ತಕದಲ್ಲಿ ಬಹುಪಾಲು ಸಾವುಗಳಿಗೆ ಕಾರಣ ‘ಜ್ವರ’ ಎಂದಷ್ಟೇ ಬರೆಯುತ್ತಿದ್ದರು. ಯಾವ ಜ್ವರವೆಂದು ಹೇಳಲು ವೈದ್ಯರೆಲ್ಲಿ? ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಬರೆಯಬೇಕಾದವರೇ ಹಾಸಿಗೆ ಹಿಡಿದಿದ್ದರು.

ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ನಮಗೆ ಇಂಥ ತೊಡಕು ಪರಿಚಿತವಾದುದು. ಗೈಗರ್ ನಳಿಗೆಯ ಬಳಿ ಯಾವ ವಿಕಿರಣ ವಸ್ತುವನ್ನು ಇಡದಿದ್ದರೂ ಅದು ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ. ಆಕಾಶದಿಂದ ಬರುವ ವಿಶ್ವಕಿರಣಗಳೂ ಗೋಡೆ ನೆಲಗಳಿಂದ ಹೊಮ್ಮುವ ಕಿರಣಗಳೂ ಇದಕ್ಕೆ ಕಾರಣ. ಇದು ಹಿನ್ನೆಲೆಯ ಎಣಿಕೆ. ನಿಮಿಷಕ್ಕೆ ಹಿನ್ನೆಲೆ 25 ಇದ್ದು, ವಸ್ತುವನ್ನಿಟ್ಟಾಗ 85 ಆದರೆ, ವಸ್ತುವಿನ ಪಾಲು 60. ಯಾವ ಟಿಕ್ಕು ಎಲ್ಲಿಂದ ಬಂದಿತೆಂದು ಒಂದೊಂದನ್ನೂ ವಿಚಾರಿಸುವ ಅಗತ್ಯವೇ ಇಲ್ಲ; ಕಳೆದರೆ ಸಾಕು.

ಮನುಷ್ಯರ ಮರಣಕ್ಕೂ ಇದೇ ಉಪಾಯವನ್ನು ಅನ್ವಯಿಸಿದವನು ಇಂಗ್ಲೆಂಡಿನ ಜನನಮರಣ ನೋಂದಣಿ ಕಚೇರಿಯಲ್ಲಿದ್ದ ವಿಲಿಯಂ ಫಾರ್. 1847ರಲ್ಲಿ ಲಂಡನ್ನಿನಲ್ಲಿ ಇನ್‌ಫ್ಲೂಯೆಂಜಾ ಹಬ್ಬಿದಾಗ, ಆ ಋತುವಿನಲ್ಲಿ ವಾಡಿಕೆಯಾಗಿ ಆಗುವ ಸಾವುಗಳನ್ನು ಒಟ್ಟು ಸಾವುಗಳಿಂದ ಕಳೆದು, ಹೆಚ್ಚಾದವು 5 ಸಾವಿರಕ್ಕೂ ಮೇಲೆಂದು ಅವನು ತೋರಿಸಿದನು. ಇನ್‌ಫ್ಲೂಯೆಂಜಾ ಎಂದು ಹೆಸರು ಹೇಳಿ ಬರೆದಿದ್ದ ಸಾವುಗಳು ಅವುಗಳಲ್ಲಿ ಒಂದು ಭಾಗ ಮಾತ್ರ. ಇಂದು ವೈದ್ಯಸಂಶೋಧಕರು ‘ಅಧಿಕ ಮರಣ’ವೆಂದು ಕರೆಯುವುದು ಇದನ್ನೇ.

ಈಗ ನಮ್ಮ ಕಾಲದ ಕೊರೋನಾ ಪಿಡುಗಿಗೆ ಬರೋಣ. ನಮ್ಮ ದೇಶದಲ್ಲಿ 2020 ಮತ್ತು 2021ರಲ್ಲಿ ಅದರಿಂದ ಸತ್ತವರು ಸರ್ಕಾರದ ಲೆಕ್ಕದಂತೆ ಸುಮಾರು 4 ಲಕ್ಷ 81 ಸಾವಿರ. ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಪ್ರಕಟಿಸಿದ ಅಧಿಕ ಮರಣದ ಅಂದಾಜು 47 ಲಕ್ಷ. ಈ ಗಣಿತಕ್ರಮ ಇಂಡಿಯಾಕ್ಕೆ ಒಪ್ಪುವುದಿಲ್ಲವೆಂದು ಸರ್ಕಾರ ಆಕ್ಷೇಪಿಸಿತು. ಸಂಸ್ಥೆಯೇ ಕೊಟ್ಟಿರುವ ಮಿತಿಗಳು 33 ಲಕ್ಷದಿಂದ 65 ಲಕ್ಷ. ಇದು ಬಹಳ ಅಗಲವಾದ ಅಂತರವೆಂಬುದನ್ನು ಒಪ್ಪಬೇಕು.

ವಾಚಕರು ಯಾರ ಮಾತನ್ನೂ ನಂಬಬೇಕಾಗಿಲ್ಲ. ನೋಂದಣಿಯಾದ ಒಟ್ಟು ಸಾವುಗಳನ್ನು ತಾವೇ ನೋಡಬಹುದು. 2018ರಲ್ಲಿ 69.5 ಲಕ್ಷ, 2019ರಲ್ಲಿ 76.4 ಲಕ್ಷ, 2020ರಲ್ಲಿ 81.2 ಲಕ್ಷ, 2021ರಲ್ಲಿ 102.2 ಲಕ್ಷ. ಕೊನೆಯ ನೆಗೆತ 21 ಲಕ್ಷ. ಇದನ್ನೆಲ್ಲ ಪಿಡುಗಿನ ತಲೆಗೆ ಕಟ್ಟುವುದು ತಪ್ಪಾದೀತು. ಹಿಂದೆ ನೋಂದಾಯಿಸದೆ ಬಿಡುತ್ತಿದ್ದ ಸಾವುಗಳನ್ನೂ ಜನ ಈಗ ನೋಂದಾಯಿಸುತ್ತಿರುವುದರಿಂದ ಹಿನ್ನೆಲೆಯೇ ಏರುತ್ತಿದೆ. ಪಿಡುಗಿಲ್ಲದ 2019ರಲ್ಲಿಯೇ ಏರಿಕೆ ಸುಮಾರು 7 ಲಕ್ಷವಿತ್ತು. ಆ 7 ಲಕ್ಷವನ್ನು ಕಳೆದರೂ 14 ಲಕ್ಷ ಉಳಿಯುತ್ತದೆ. 2021ರಲ್ಲಿ ಕೊರೋನಾ ಹೆಸರಿನಲ್ಲಿ ಲೆಕ್ಕಕ್ಕೆ ಬಂದುವು 3.3 ಲಕ್ಷ ಮಾತ್ರ. ಇದರಲ್ಲಿ ಆಶ್ಚರ್ಯವೇನೂ ಇಲ್ಲ: 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ದೃಢೀಕರಿಸಿದ್ದುದು ಶೇಕಡ 22.5ಕ್ಕೆ ಮಾತ್ರ.

ಆದರೆ 2020ರ ಏರಿಕೆ 4.8 ಲಕ್ಷ, ಹಿಂದಿನ ವರ್ಷದ ಏರಿಕೆಗಿಂತಲೂ ಕಡಮೆ! ಆ ವರ್ಷ ಪಿಡುಗು ಇರಲೇ ಇಲ್ಲವೆನ್ನೋಣವೆ? ಇಲ್ಲಿ ಗೈಗರ್ ನಳಿಗೆಯ ಇನ್ನೊಂದು ಗುಣ ನೆನಪಿಗೆ ಬರುತ್ತದೆ. ಒಂದು ಕಣವನ್ನು ಎಣಿಸಿದ ಮೇಲೆ ನಳಿಗೆ ಕ್ಷಣಕಾಲ ಕುರುಡಾಗಿರುತ್ತದೆ. ಇದಕ್ಕೆ ಮೃತಕಾಲವೆಂದು ಹೆಸರು. ಕಣಗಳು ವಿಪರೀತವಾಗಿ ನುಗ್ಗಿದಾಗ ಅದು ಬಹುಭಾಗವನ್ನು ಬಿಟ್ಟುಬಿಡುತ್ತದೆ. ಎಣಿಸಬೇಕಾದುದು ಹೆಚ್ಚಿದಷ್ಟೂ ಎಣಿಕೆ ನಂಬಿಕೆಗೆ ದೂರವಾಗುತ್ತದೆ. ದೇಶವೇ ಬೀಗ ಹಾಕಿಕೊಂಡಿದ್ದಾಗ ನೋಂದಣಿ ಕಚೇರಿಗೆ ಹೋಗುವವರಾರು? ರಸ್ತೆಗಳು ಬರಿದಾದುದರಿಂದ ಅಪಘಾತದ ಸಾವುಗಳು ತಗ್ಗಿದುದೂ ನಿಜ. ಹಿನ್ನೆಲೆಯೇ ಎರಡೂ ಕಡೆಗೆ ಅಲುಗಿತು. 1918ರಲ್ಲಿಯೂ ಹೀಗೆಯೇ, ಆ ವರ್ಷ ಮಳೆಯೂ ಹೋಗಿದ್ದುದರಿಂದ, ಹಸಿವಿನ ಪಾಲೆಷ್ಟು, ಜ್ವರದ ಪಾಲೆಷ್ಟು ಎಂದು ಬೇರ್ಪಡಿಸುವುದು ಇಂದಿಗೂ ಕಠಿನ.

ಎಣಿಕೆ ಕುರುಡಾಗುವುದು ಸಾವಿನ ವಿಷಯದಲ್ಲಿ ಮಾತ್ರವಲ್ಲ. 2019ರಲ್ಲಿ ದೇಶದಲ್ಲಿ 24 ಲಕ್ಷ ಕ್ಷಯರೋಗಿಗಳನ್ನು ಗುರುತಿಸಿದ್ದರು. 2020ರಲ್ಲಿ 18 ಲಕ್ಷ. ಕ್ಷಯ ಒಂದೇ ವರ್ಷದಲ್ಲಿ ಕಾಲುಭಾಗ ಇಳಿಯುವ ರೋಗವಲ್ಲ. ಕೆಮ್ಮು ಬಂದರೂ ಆಸ್ಪತ್ರೆಗೆ ಹೋಗಲು ಅಂಜಿದವರು, ವಾಹನ ದೊರೆಯದವರು, ಪರೀಕ್ಷಿಸಬೇಕಾದ ಸಿಬ್ಬಂದಿ ಕೊರೋನಾ ಕೆಲಸಕ್ಕೆ ಹೋಗಿದ್ದುದರಿಂದ ಬಾಗಿಲಿನಿಂದಲೇ ಹಿಂದಿರುಗಿದವರು, ಇವರೆಲ್ಲ ಆ ಅಂತರದಲ್ಲಿ ಅಡಗಿದ್ದಾರೆ. ಅವರಲ್ಲಿ ಮುಂದಿನ ವರ್ಷಗಳಲ್ಲಿ ಮಡಿದವರ ಹೆಸರಿನ ಮುಂದೆ, ಕಾರಣವನ್ನು ಬರೆದಿದ್ದರೆ, ಕ್ಷಯವೆಂದೇ ಬರೆದಿರುತ್ತಾರೆ.